ಪಹಣಿಯಲ್ಲಿ ಅಜ್ಜ, ಹೊಲದಲ್ಲಿ ಮೊಮ್ಮಗ: ಸಹಾಯಧನ ಯಾರಿಗೆ?

ತುಮಕೂರು: ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಕಂತೊಂದನ್ನು ದೇಶದ ಸುಮಾರು 6 ಕೋಟಿ ರೈತರ ಖಾತೆಗಳಿಗೆ ಬಿಡುಗಡೆ ಮಾಡಲು ನರೇಂದ್ರ ಮೋದಿ ಅವರು 2020ರ ಜನವರಿ 2ರಂದು ಬಂದದ್ದು ತುಮಕೂರಿಗೆ. ಅಂದು ಬಿಡುಗಡೆಯಾದದ್ದು 12 ಸಾವಿರ ಕೋಟಿ ರೂಪಾಯಿ. ಆದರೆ ಇದೇ ಜಿಲ್ಲೆಯ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಹೊಲ ಉಳುವವರೆಲ್ಲರೂ ಈ ಯೋಜನೆಯ ದೃಷ್ಟಿಯಲ್ಲಿ ರೈತರಲ್ಲ. ಪಹಣಿಯಲ್ಲಿ ಹೆಸರಿದ್ದವರು ಮಾತ್ರ ರೈತರು.

ಹೇಮಾವತಿ ಲಿಂಕ್ ಕೆನಾಲ್ ವಿಚಾರದಲ್ಲಿ ಎದುರುಬದುರಾಗಿ ನಿಂತಿರುವ ಈ ಎರಡು ತಾಲ್ಲೂಕುಗಳು ಈ ಒಂದು ಸಂಕಟದಲ್ಲಿ ಮಾತ್ರ ಜೊತೆಯಾಗಿವೆ.

ಜಮೀನು ಅಜ್ಜನ ಹೆಸರಿನಲ್ಲಿರುತ್ತದೆ. ಅಜ್ಜ ತೀರಿಕೊಂಡು ವರ್ಷಗಳೇ ಕಳೆದಿರುತ್ತವೆ. ರಾಗಿ ಬಿತ್ತುವವನು ಮೊಮ್ಮಗ. ವಾರಸುದಾರರಿಗೆ ಹಣ ಪಡೆಯಲು ಅವಕಾಶವಿಲ್ಲವೆಂದಲ್ಲ. 2019ರ ಫೆಬ್ರುವರಿ 1ರ ನಂತರ ಜಮೀನು ಕೈಬದಲಾದವರಿಗೆ ನಿರ್ಬಂಧ ಹೇರಿದ ನಿಯಮವೇ ಮಾಲೀಕರ ಮರಣದಿಂದಾದ ವರ್ಗಾವಣೆಗೆ ವಿನಾಯಿತಿ ನೀಡಿದೆ. ಆದರೆ ಅದಕ್ಕೆ ಮೊದಲು ಪೌತಿ ಖಾತೆಯಾಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರಲ್ಲಿ ತಕರಾರು ಇರಬಾರದು. ಒಬ್ಬ ಮಗ ಪೀಣ್ಯದ ಕಾರ್ಖಾನೆಯಲ್ಲಿ, ಮಗಳು ಗಂಡನ ಮನೆಯಲ್ಲಿ, ಇನ್ನೊಬ್ಬನೊಂದಿಗೆ ಮಾತೇ ಇಲ್ಲ ಎಂಬಂತಹ ಕುಟುಂಬದಲ್ಲಿ ಇವೆಲ್ಲ ಕೂಡಿಬರುವುದು ಸುಲಭವಲ್ಲ. ವರ್ಷಕ್ಕೆ 6 ಸಾವಿರ ರೂಪಾಯಿಗಾಗಿ ನಾಡಕಚೇರಿ, ತಾಲ್ಲೂಕು ಕಚೇರಿ ಅಲೆಯುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ರೈತನು ಲೆಕ್ಕ ಹಾಕಿದರೆ ಅವನನ್ನು ದೂಷಿಸುವಂತಿಲ್ಲ.

ಆದರೆ ನಷ್ಟ ಆ 6 ಸಾವಿರಕ್ಕೆ ನಿಲ್ಲುವುದಿಲ್ಲ. ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪಹಣಿಗೆ ಆಧಾರ್ ಜೋಡಿಸಿ ನೀಡುವ ಗುರುತಿನ ಸಂಖ್ಯೆಯೇ ಈಗ ಎಲ್ಲ ನೆರವಿನ ಬಾಗಿಲು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಪರಿಹಾರ ಸಂದಾಯವಾದದ್ದೂ ಇದೇ ದಾಖಲೆಯ ಆಧಾರದ ಮೇಲೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್ ಎಂಬುದು ಮಾನದಂಡ. ತೀರಿಕೊಂಡವರ ಹೆಸರಿನ ಪಹಣಿಗೆ ಆಧಾರ್ ಜೋಡಿಸುವುದಾದರೂ ಹೇಗೆ?

ರಾಜಕೀಯ ಚರ್ಚೆ ಮಾತ್ರ ಬೇರೆಡೆ ನಡೆದಿದೆ. ಕೇಂದ್ರದ ಹಣಕ್ಕೆ 2019ರಲ್ಲಿ ಯಡಿಯೂರಪ್ಪ ಸರ್ಕಾರ 4 ಸಾವಿರ ರೂಪಾಯಿ ಸೇರಿಸಿತು, 2023ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಸರ್ಕಾರ ಅದನ್ನು ಕೈಬಿಟ್ಟಿತು. ಈ ಕುರಿತ ಆರೋಪ-ಪ್ರತ್ಯಾರೋಪ ಇನ್ನೂ ಮುಗಿದಿಲ್ಲ. ಕೇಂದ್ರವಾದರೂ 2019ರ ಕಂತಿನ ಮೊತ್ತವನ್ನು ಹೆಚ್ಚಿಸಿಲ್ಲ. 2025ರ ನವೆಂಬರ್‌ನಲ್ಲಿ ಬಿಡುಗಡೆಯಾದ 21ನೇ ಕಂತೂ ಅದೇ 2 ಸಾವಿರ. ಪಹಣಿಯಲ್ಲಿ ಹೆಸರೇ ಇಲ್ಲದವರಿಗೆ ಕೊಟ್ಟಾಗಲೂ ಸಿಗಲಿಲ್ಲ, ನಿಲ್ಲಿಸಿದಾಗಲೂ ತಿಳಿಯಲಿಲ್ಲ.

ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಕೈಗೊಂಡದ್ದು ಸರಿಯಾದ ಹೆಜ್ಜೆ. ಅರ್ಜಿಗಾಗಿ ಕಾಯದೆ ಗ್ರಾಮ ಆಡಳಿತಾಧಿಕಾರಿಯೇ ಮನೆಬಾಗಿಲಿಗೆ ಹೋಗಬೇಕೆಂಬ ಆಲೋಚನೆ ಹಿಂದೆಯೇ ಬರಬೇಕಿತ್ತು. ಆದರೂ ದಾಯಾದಿಗಳ ತಕರಾರನ್ನು ಟ್ಯಾಬ್ ಹಿಡಿದ ಅಧಿಕಾರಿ ಬಗೆಹರಿಸಲಾರರು.

ವಾರಕ್ಕೋ ಗುತ್ತಿಗೆಗೋ ಜಮೀನು ಮಾಡುವವರಿಗಂತೂ ಈ ಆಂದೋಲನದಲ್ಲೂ ಜಾಗವಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ನಿಷೇಧಿಸಿದ್ದರಿಂದ ಅವರ ಒಪ್ಪಂದಗಳು ಬಾಯಿಮಾತಿನವು, ಕಾಗದಕ್ಕೆ ಬರುವಂತಿಲ್ಲ. ಬಿತ್ತನೆಯ ಖರ್ಚು ಅವರದು, ಒಣಗಿದ ಬೆಳೆಯೂ ಅವರದು. ಪರಿಹಾರದ ಹಣ ಬೆಂಗಳೂರಿನಲ್ಲಿರುವ ಪಹಣಿದಾರರ ಖಾತೆಗೆ ಜಮೆಯಾಗುತ್ತದೆ.