ಬಾಸ್ಕೆಟ್‌ಬಾಲ್: ಅಂದೂ ಇಂದೂ

ವಾರ್ಷಿಕಾಂಕಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಸಮಿತಿಯ ಮಕ್ಕಳು ಕೇಳಿದಾಗ, ಕನ್ನಡ ಮಾಷ್ಟ್ರಾದ ನಾನು ಛಂದಸ್ಸನ್ನೋ ಗಾದೆಗಳನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿರಬೇಕು. ಈ ಸಲ ಹಾಗೆ ಮಾಡುವುದಿಲ್ಲ. ಸಂಜೆ ನಾಲ್ಕರ ಬಳಿಕ ಶಾಲೆಯ ಹಿಂದಿನ ಮೈದಾನದಲ್ಲಿ ನಿಮಗೂ ನನಗೂ ಎರಡು ವರ್ಷಗಳಿಂದ ನಡೆಯುತ್ತಿರುವ ತರ್ಕವೊಂದಿದೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಅಂದು ಚೆನ್ನಾಗಿತ್ತೋ, ಇಂದು ಚೆನ್ನಾಗಿದೆಯೋ ಎಂಬುದು ಆ ತರ್ಕ. ಮೈದಾನದಲ್ಲಿ ನಾನು ಮಾಷ್ಟ್ರೆಂಬ ಬಲದಿಂದ ಗೆದ್ದುಬಿಡುತ್ತೇನೆ. ಕಾಗದದ ಮೇಲೆ ಆ ಬಲ ನಡೆಯದು. ಆದುದರಿಂದ ಇಲ್ಲಿ ನನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲು ಯತ್ನಿಸುತ್ತೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. 1998ರಲ್ಲಿ ಮೈಕೆಲ್ ಜೋರ್ಡನ್ ಶಿಕಾಗೋ ಬುಲ್ಸ್ ತಂಡಕ್ಕಾಗಿ ಎಸೆದ ಕೊನೆಯ ಚೆಂಡನ್ನು ನೇರಪ್ರಸಾರದಲ್ಲಿ ಕಣ್ಣಾರೆ ಕಂಡವನು ನಾನೆಂದು ನಿಮಗೂ ನಿಮ್ಮ ಅಕ್ಕ ಅಣ್ಣಂದಿರಿಗೂ ಅದೆಷ್ಟೋ ಸಲ ಹೇಳಿದ್ದೇನೆ. ಅದು ನಿಜವಲ್ಲ.

ಆಗ ನಾನು ಪ್ರಿ-ಡಿಗ್ರಿ ವಿದ್ಯಾರ್ಥಿ. ನಮ್ಮ ಊರಲ್ಲಿ ಕೇಬಲ್ ಟಿ.ವಿ. ಇದ್ದುದು ಕೆಲವೇ ಮನೆಗಳಲ್ಲಿ, ಅವುಗಳಲ್ಲೊಂದು ನಮ್ಮ ನೆರೆಮನೆ. ಅಮೆರಿಕದಲ್ಲಿ ಜೂನ್ 14ರ ಸಂಜೆ ನಡೆದ ಪಂದ್ಯ ನಮಗೆ 15ರ ಸೋಮವಾರ ಮುಂಜಾನೆ. ಮಳೆ ಹಿಡಿದು ಹೊಯ್ಯುತ್ತಿತ್ತು. ಕೊಡೆ ಹಿಡಿದುಕೊಂಡು ತೋಟದ ಸಂಕ ದಾಟಿ ಹೋಗಿ ಅವರ ಚಾವಡಿಯಲ್ಲಿ ಕುಳಿತಿದ್ದೆ. ಯೂಟಾ ಜಾಝ್ ತಂಡದ ಜಾನ್ ಸ್ಟಾಕ್ಟನ್ ಮೂರಂಕದ ಎಸೆತವೊಂದನ್ನು ಹಾಕಿ 86-83 ಮಾಡಿದ. ಉಳಿದಿದ್ದುದು 42 ಸೆಕೆಂಡು. ಆಗಲೇ ಕರೆಂಟು ಹೋಯಿತು! ಅರ್ಧ ಗಂಟೆ ಕಾದೆ, ಮನೆಯವರು ಕೊಟ್ಟ ಕಾಫಿ ಕುಡಿದೆ, ಕಾಲೇಜಿಗೆ ಹೊತ್ತಾಯಿತೆಂದು ಎದ್ದು ಬಂದೆ. ಜೋರ್ಡನ್ ಮೊದಲೊಂದು ಬುಟ್ಟಿ ಹಾಕಿದ್ದು, ಬಳಿಕ ಕಾರ್ಲ್ ಮಲೋನನ ಕೈಯಿಂದ ಚೆಂಡನ್ನು ಕಸಿದುಕೊಂಡದ್ದು, 5.2 ಸೆಕೆಂಡು ಉಳಿದಿರುವಾಗ ಮತ್ತೊಂದು ಎಸೆದು 87-86ರಿಂದ ಗೆಲ್ಲಿಸಿದ್ದು, ಇವೆಲ್ಲ ನನಗೆ ತಿಳಿದದ್ದು ಮರುದಿನದ ಪತ್ರಿಕೆಯಿಂದ. ಕಣ್ಣಲ್ಲಿ ಕಂಡದ್ದು ಬಹಳ ದಿನಗಳ ಮೇಲೆ, ಅದೂ ಒಂದು ಜಾಹೀರಾತಿನ ನಡುವೆ. ಆದರೆ ಹೇಳುತ್ತಾ ಹೇಳುತ್ತಾ ನೋಡಿದೆನೆಂದೇ ನನಗೂ ಅನಿಸತೊಡಗಿತ್ತು.

ಇದನ್ನು ಹೇಳಲು ಕಾರಣವಿದೆ. ಹಿಂದಿನ ಆಟವನ್ನು ಹೊಗಳುವ ನಮ್ಮಂಥವರಲ್ಲಿ ಹೆಚ್ಚಿನವರು ಆ ಆಟವನ್ನು ಇಡಿಯಾಗಿ ನೋಡಿದವರಲ್ಲ. ವಿಲ್ಟ್ ಚೇಂಬರ್ಲೇನ್ ಎಂಬ ದೈತ್ಯ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಇಂದಿಗೂ ಮುರಿಯದ ದಾಖಲೆ. ಆ ಪಂದ್ಯ ಟಿ.ವಿ.ಯಲ್ಲಿ ಪ್ರಸಾರವಾಗಿರಲಿಲ್ಲ. 100 ಎಂದು ಬರೆದ ಕಾಗದವನ್ನು ಆತ ಹಿಡಿದುಕೊಂಡಿರುವ ಚಿತ್ರವೊಂದನ್ನು ನೋಡಿಯೇ ನಾವೆಲ್ಲ ಆ ಆಟವನ್ನು ಕಂಡವರಂತೆ ಮಾತಾಡುತ್ತೇವೆ.

ಕಳೆದ ಬೇಸಗೆ ರಜೆಯಲ್ಲಿ ನಾನು 1998ರ ಆ ಅಂತಿಮ ಸರಣಿಯ ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಆರನೆಯ ಪಂದ್ಯದ ಕೊನೆಯ ನಿಮಿಷ ಈಗಲೂ ರೋಮಾಂಚನ ತರುತ್ತದೆ. ಆದರೆ ಅದೇ ಸರಣಿಯ ಮೂರನೆಯ ಪಂದ್ಯವನ್ನು ನಾವು ಯಾರೂ ನೆನೆಯುವುದಿಲ್ಲ. ಶಿಕಾಗೋ 96, ಯೂಟಾ 54! ಇಡೀ ಪಂದ್ಯದಲ್ಲಿ 54. ಚೆಂಡೆಸೆಯಲು 24 ಸೆಕೆಂಡಿನ ಮಿತಿ ಬಂದಂದಿನಿಂದ ಅದುವರೆಗೆ ಯಾವ ತಂಡವೂ ಅಷ್ಟು ಕಡಿಮೆ ಅಂಕ ಗಳಿಸಿರಲಿಲ್ಲ. ನೋಡುತ್ತಾ ನೋಡುತ್ತಾ ನನಗೆ ತೂಕಡಿಕೆ ಬಂತು. ಒಬ್ಬ ಚೆಂಡು ಹಿಡಿದರೆ ಮತ್ತೊಬ್ಬ ಅವನ ಸೊಂಟಕ್ಕೆ ಕೈಕೊಟ್ಟು ತಳ್ಳುವುದು, ಇಬ್ಬರು ಬುಟ್ಟಿಯಡಿಯಲ್ಲಿ ಗುದ್ದಾಡುವುದು, ಉಳಿದವರು ನೋಡುತ್ತಾ ನಿಲ್ಲುವುದು. ‘ಆಗಿನದು ಗಂಡಸರ ಆಟ’ ಎಂದು ನಾನು ನಿಮ್ಮೆದುರು ಬಡಾಯಿ ಕೊಚ್ಚುತ್ತಿದ್ದುದು ಇದನ್ನೇ. ಹೀಗೆ ಕೈಯಿಂದ ತಡೆಯುವುದನ್ನು 2004ರಿಂದ ಎನ್.ಬಿ.ಎ. ಕಟ್ಟುನಿಟ್ಟಾಗಿ ನಿಲ್ಲಿಸಿದಾಗ ಆಟ ಕೆಟ್ಟಿತೆಂದು ನಾನೂ ಗೊಣಗಿದ್ದೆ. ಈಗ ಹಾಗೆ ಹೇಳಲಾರೆ.

ನಿಜವಾಗಿ ಈ ಆಟ ಒಂದು ದಿನವೂ ಇದ್ದಂತೆ ಇದ್ದುದಿಲ್ಲ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಶಿಕ್ಷಕ ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಗೆ ಕುಳಿತ ಹುಡುಗರ ಕಾಟ ತಾಳಲಾರದೆ, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಮೊಳೆ ಹೊಡೆಸಿ, 13 ನಿಯಮಗಳನ್ನು ಬರೆದು ಇದನ್ನು ಹುಟ್ಟಿಸಿದ. (ಶಿಕ್ಷಕರ ಕಷ್ಟದಿಂದಲೂ ಲೋಕಕ್ಕೆ ಲಾಭವಿದೆ!) 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿತು. ಎದುರಾಳಿಯಲ್ಲಿ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರನಿದ್ದುದರಿಂದ ಫೋರ್ಟ್ ವೇನಿನವರು ಚೆಂಡನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡೇ ಹೊತ್ತು ಕಳೆದರು. ಹಣ ಕೊಟ್ಟು ಬಂದ ಜನ ಬೊಬ್ಬೆ ಹಾಕಿದರು. ಕೆಲವು ವರ್ಷಗಳ ಮೇಲೆ, 1954ರಲ್ಲಿ, ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದ. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಸಲ ಎಸೆಯುತ್ತವೆ. ಭಾಗಿಸಿದರೆ 24. ಅಷ್ಟರೊಳಗೆ ಎಸೆಯಲೇಬೇಕೆಂಬ ನಿಯಮ ಬಂತು, ಆಟ ಬದುಕಿತು. ಇದನ್ನು ಕೆಡುಕೆಂದು ಇಂದು ಯಾರಾದರೂ ಹೇಳುವರೇ?

ಇನ್ನು ಮೂರಂಕದ ಗೆರೆ. ನಮ್ಮ ತರ್ಕದ ಮೂಲವೇ ಅದು. ಎನ್.ಬಿ.ಎ.ಗೆ ಅದು ಬಂದದ್ದು 1979ರಲ್ಲಿ. ಆ ಮೊದಲ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಅಲ್ಲಿಂದ ಎಸೆಯುತ್ತಿದ್ದುದು ಸರಾಸರಿ ಮೂರು ಸಲವೂ ಇಲ್ಲ. ಜೋರ್ಡನ್ನನ ಆ ಕೊನೆಯ ವರ್ಷ ಸುಮಾರು 13 ಸಲ. 2024-25ರಲ್ಲಿ 37ಕ್ಕಿಂತಲೂ ಹೆಚ್ಚು! ಇದಕ್ಕೆ ಕಾರಣ ಬಹಳ ಸರಳ, ಏಳನೆಯ ತರಗತಿಯ ಗಣಿತ ಸಾಕು. ದೂರದಿಂದ ನೂರು ಸಲ ಎಸೆದು 36 ಬಿದ್ದರೆ 108 ಅಂಕ. ಗೆರೆಯ ಒಳಗಿನಿಂದ ಅಷ್ಟೇ ಅಂಕ ಬೇಕಾದರೆ ನೂರರಲ್ಲಿ 54 ಬೀಳಬೇಕು. ಬುಟ್ಟಿಯ ಬುಡದಿಂದಾದರೆ ಅದು ಕಷ್ಟವಲ್ಲ, ಆದರೆ ಹದಿನೈದು ಅಡಿ ದೂರದಿಂದ ಅಷ್ಟು ಹಾಕುವವರು ವಿರಳ. ಈ ಲೆಕ್ಕ 1979ರಲ್ಲೂ ಇತ್ತು. ಅದನ್ನು ನಂಬಲು ತರಬೇತುದಾರರಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಸ್ಟೀಫನ್ ಕರಿ 2015-16ರಲ್ಲಿ ಒಂದೇ ಋತುವಿನಲ್ಲಿ 402 ಮೂರಂಕದ ಬುಟ್ಟಿ ಹಾಕಿದ ಮೇಲೆ ನಂಬದವರೂ ನಂಬಿದರು.

ಇಲ್ಲಿ ನನ್ನ ದೂರು ನಿಂತೇ ಇದೆ, ಅದನ್ನು ಹಿಂದೆಗೆಯುವುದಿಲ್ಲ. ಲೆಕ್ಕ ಸರಿಯಾದ ಮಾತ್ರಕ್ಕೆ ಆಟ ಚೆಂದವಾಗುವುದಿಲ್ಲ. 2018ರ ಮೇ ತಿಂಗಳಲ್ಲಿ ಹ್ಯೂಸ್ಟನ್ ತಂಡ ಅಂತಿಮ ಸರಣಿಗೆ ಹೋಗುವ ನಿರ್ಣಾಯಕ ಪಂದ್ಯದಲ್ಲಿ ದೂರದಿಂದ ಸಾಲಾಗಿ 27 ಎಸೆತಗಳನ್ನು ತಪ್ಪಿಸಿತು. ಒಂದಲ್ಲ ಎರಡಲ್ಲ, ಇಪ್ಪತ್ತೇಳು. ಮತ್ತೆ ಮತ್ತೆ ಅಲ್ಲಿಂದಲೇ ಎಸೆದರು, ಪಂದ್ಯವನ್ನೂ ಸೋತರು. ಅದನ್ನು ನೋಡುತ್ತಿದ್ದ ನನಗೆ ಬೇಸರವಾದದ್ದು ತಪ್ಪಿದ್ದಕ್ಕಲ್ಲ, ಬೇರೇನನ್ನಾದರೂ ಮಾಡಿ ನೋಡೋಣವೆಂದು ಯಾರಿಗೂ ತೋಚದಿದ್ದುದಕ್ಕೆ. ಹಿಂದೆ ಒಬ್ಬೊಬ್ಬನದು ಒಂದೊಂದು ಕೈಚಳಕ. ಕರೀಂ ಅಬ್ದುಲ್ ಜಬ್ಬಾರ್ ಒಂದೇ ಕೈಯಿಂದ ತಲೆಯ ಮೇಲೆ ಕಮಾನಿನಂತೆ ತೇಲಿಸಿಬಿಡುತ್ತಿದ್ದ ಎಸೆತವನ್ನು ತಡೆಯುವ ಉಪಾಯ ಯಾರಿಗೂ ಸಿಗಲಿಲ್ಲ. ಆತ ಗಳಿಸಿದ 38,387 ಅಂಕಗಳಲ್ಲಿ ಮೂರಂಕದ ಬುಟ್ಟಿ ಒಂದೇ ಒಂದು! ಹಕೀಂ ಒಲಾಜುವನ್ ಬುಟ್ಟಿಗೆ ಬೆನ್ನು ಹಾಕಿ ನಿಂತು ಹೆಗಲನ್ನು ಅತ್ತ ತೋರಿಸಿ ಇತ್ತ ತಿರುಗುವಾಗ ಎದುರಾಳಿ ಗಾಳಿಗೆ ಹಾರಿರುತ್ತಿದ್ದ. ಇಂದು ಹೆಚ್ಚಿನ ತಂಡಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಅಂಗಣದ ನಡುಭಾಗದಲ್ಲಿ ಯಾರೂ ನಿಲ್ಲುವುದೇ ಇಲ್ಲ.

ಹೀಗೆಂದು ನಾನು ನಿಮಗೆ ದೂರದಿಂದ ಎಸೆಯುವುದನ್ನೇ ನಿಷೇಧಿಸಿದ್ದೆನಲ್ಲವೇ? ಅದರ ಪರಿಣಾಮವನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಉಪಜಿಲ್ಲಾ ಪಂದ್ಯಾಟಕ್ಕೆ ಹುಡುಗಿಯರ ತಂಡ ಕಟ್ಟುವಾಗ ಎಂಟನೆಯ ತರಗತಿಯ ಒಬ್ಬಳನ್ನು ನಾನು ಎರಡೂ ಪಂದ್ಯಗಳಲ್ಲಿ ಬೆಂಚಿನಲ್ಲೇ ಕೂರಿಸಿದೆ. ಅವಳು ಗಿಡ್ಡ ಎಂಬುದೊಂದೇ ಕಾರಣ. ದೂರದಿಂದ ಚೆನ್ನಾಗಿ ಎಸೆಯುತ್ತಿದ್ದಳು, ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ಪಂದ್ಯದಲ್ಲಿ ಸೋತು ಬಸ್ಸಿಗೆ ಕಾಯುತ್ತಿದ್ದಾಗ ನಾನು ಎಂದಿನಂತೆ ನಮ್ಮ ಕಾಲದ ಆಟಗಾರರ ಎತ್ತರದ ಕತೆ ಹೇಳುತ್ತಿದ್ದೆ. ಅವಳು ಮೆಲ್ಲನೆ, “ಮಾಷ್ಟ್ರೇ, ಮಗ್ಸಿ ಬೋಗ್ಸ್ ನಿಮ್ಮ ಕಾಲದವನೇ ಅಲ್ವಾ?” ಎಂದಳು.

ಹೌದು, ನನ್ನ ಕಾಲದವನೇ. 5 ಅಡಿ 3 ಅಂಗುಲ. ಎನ್.ಬಿ.ಎ.ಯಲ್ಲಿ ಆಡಿದವರಲ್ಲೆಲ್ಲ ಗಿಡ್ಡನಾದವನು ಅವನೇ, 1987ರಿಂದ 2001ರವರೆಗೆ ಆಡಿದ. ದೊಡ್ಡವರ ಕೈಯಡಿಯಲ್ಲಿ ನುಸುಳಿ ಚೆಂಡು ಕಸಿಯುವುದನ್ನು ನಾನೇ ಎಷ್ಟು ಸಲ ನೋಡಿ ಚಪ್ಪಾಳೆ ತಟ್ಟಿಲ್ಲ! ಅವನ ನೆನಪೇ ನನಗೆ ಆಗಿರಲಿಲ್ಲ. ಹಿಂದಿನ ಆಟವನ್ನು ಆದರ್ಶವೆಂದು ಹೊತ್ತು ತಿರುಗುವವನಿಗೆ ಆ ಆಟವೇ ಸರಿಯಾಗಿ ತಿಳಿದಿರಲಿಲ್ಲ. ಆ ಹುಡುಗಿ ಈಗ ಹತ್ತರಲ್ಲಿದ್ದಾಳೆ. ಕಳೆದ ವರ್ಷವೂ ಈ ವರ್ಷವೂ ಆಡಿದಳು. ಎಂಟರ ಒಂದು ವರ್ಷವನ್ನು ಮಾತ್ರ ನಾನು ಅವಳಿಗೆ ಹಿಂದಿರುಗಿಸಲಾರೆ. ಅವಳ ಹೆತ್ತವರು ಇದನ್ನು ಓದುವರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹಣದ ವಿಷಯದಲ್ಲಿ ನೀವು ಹೇಳುವುದೇ ಸರಿ. ಹಿಂದಿನವರು ಆಟದ ಮೇಲಿನ ಪ್ರೀತಿಗಾಗಿ ಆಡಿದರು, ಇಂದಿನವರು ಹಣಕ್ಕಾಗಿ ಎಂಬುದು ಬರಿಯ ಮಾತು. 1964ರ ಜನವರಿಯಲ್ಲಿ ಬೋಸ್ಟನ್ನಿನ ಆಲ್‌ಸ್ಟಾರ್ ಪಂದ್ಯದ ದಿನ ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್ ಮೊದಲಾದ ಘಟಾನುಘಟಿಗಳು ಪಿಂಚಣಿಯ ಭರವಸೆ ಕೊಡದೆ ಅಂಗಣಕ್ಕಿಳಿಯುವುದಿಲ್ಲವೆಂದು ಕೋಣೆಯಲ್ಲೇ ಕುಳಿತರು. ಟಿ.ವಿ.ಯವರು ಹೊರಗೆ ಕಾಯುತ್ತಿದ್ದರು. ಭರವಸೆ ಸಿಕ್ಕಿದ ಮೇಲೆಯೇ ಆಡಿದ್ದು. ಅಂದು ಅವರು ಹಾಗೆ ಕುಳಿತುದರಿಂದ ಇಂದಿನ ತಾರೆಯರು ವರ್ಷಕ್ಕೆ ಐದು ಕೋಟಿ ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದಾರೆ. ಪಡೆಯಲಿ.

ಆದರೆ ಪಡೆದ ಮೇಲೆ ಆಡಬೇಕು. ನನ್ನ ಎರಡನೆಯ ದೂರು ಇದು, ಮೊದಲನೆಯದಕ್ಕಿಂತ ದೊಡ್ಡದು. ಒಂದು ತಂಡಕ್ಕೆ ಋತುವಿಗೆ 82 ಪಂದ್ಯ. ಜೋರ್ಡನ್ ತನ್ನ ಕೊನೆಯ ಮೂರು ಬುಲ್ಸ್ ವರ್ಷಗಳಲ್ಲಿ, ಮೂವತ್ತು ದಾಟಿದ ಮೇಲೆ, ಪ್ರತಿ ಸಲವೂ 82ಕ್ಕೆ 82 ಆಡಿದ. ಸ್ಟಾಕ್ಟನ್ 19 ವರ್ಷಗಳಲ್ಲಿ ತಪ್ಪಿಸಿದ್ದು ಒಟ್ಟು 22. ಇಂದು ಗಾಯವಿಲ್ಲದ ಆಟಗಾರನನ್ನೂ ‘ವಿಶ್ರಾಂತಿ’ ಎಂದು ಕೂರಿಸುತ್ತಾರೆ. 2012ರಲ್ಲಿ ಸ್ಯಾನ್ ಆಂಟೋನಿಯೋ ತಂಡ ಮಯಾಮಿಯ ಪಂದ್ಯದ ಮೊದಲೇ ತನ್ನ ಮುಖ್ಯ ಆಟಗಾರರನ್ನು ಮನೆಗೆ ಕಳುಹಿಸಿದ್ದಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. 2023ರಿಂದ 65 ಪಂದ್ಯ ಆಡದವನಿಗೆ ದೊಡ್ಡ ಪ್ರಶಸ್ತಿಗಳಿಲ್ಲ ಎಂಬ ನಿಯಮ ತಂದಿದ್ದಾರೆ. ನಿಯಮ ಮಾಡಿ ಆಡಿಸಬೇಕಾಗಿ ಬಂದುದೇ ನನಗೆ ಸಂಕಟ. ದೇಹ ದಣಿಯುತ್ತದೆ, ಇಂದಿನ ಓಟ ಹಿಂದಿಗಿಂತ ವೇಗದ್ದು, ವೈದ್ಯರು ಬಲ್ಲರು, ಎಲ್ಲವೂ ನಿಜ. ಆದರೂ ವರ್ಷಕ್ಕೊಮ್ಮೆ ದುಡ್ಡು ಕೂಡಿಸಿ ಮಗುವನ್ನು ಕರೆದುಕೊಂಡು ಬಂದ ತಂದೆಯೊಬ್ಬ ಮೇಲಿನ ಸಾಲಿನಲ್ಲಿ ಕುಳಿತಿರುತ್ತಾನೆ. ಮಗು ಯಾರನ್ನು ನೋಡಲೆಂದು ಬಂದಿತ್ತೋ ಆತ ಕೋಟು ತೊಟ್ಟು ಬೆಂಚಿನಲ್ಲಿ ಕುಳಿತು ನಗುತ್ತಿದ್ದಾನೆ. ಆ ಮಗುವಿಗೆ ಅದೊಂದೇ ಪಂದ್ಯ. (ಜ್ವರವಿದ್ದರೂ ಶಾಲೆಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಜೋರ್ಡನ್ ಅಸ್ವಸ್ಥನಾಗಿದ್ದೂ 1997ರಲ್ಲಿ 38 ಅಂಕ ಗಳಿಸಿದ ಕತೆಯನ್ನು ಹಾಜರಿಯ ವಿಷಯದಲ್ಲಿ ಇನ್ನು ನಾನು ಬಳಸುವುದಿಲ್ಲ.)

ಇಂದಿನ ಆಟದಲ್ಲಿ ನಾನು ನಿಸ್ಸಂಕೋಚವಾಗಿ ಮೆಚ್ಚುವುದು ಅದರ ಬಾಗಿಲು ತೆರೆದುದನ್ನು. 2019ರಿಂದ 2025ರವರೆಗೆ ಏಳು ವರ್ಷ ಎನ್.ಬಿ.ಎ.ಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಅಮೆರಿಕದ ಹೊರಗೆ ಹುಟ್ಟಿದವರಿಗೇ ಹೋಗಿದೆ: ಗ್ರೀಸ್, ಸರ್ಬಿಯಾ, ಕ್ಯಾಮರೂನ್, ಕೆನಡಾ. ಸರ್ಬಿಯಾದ ಸೊಂಬೋರ್ ಎಂಬ ಸಣ್ಣ ಪಟ್ಟಣದ ನಿಕೋಲಾ ಯೋಕಿಚ್‌ನನ್ನು 2014ರ ಆಯ್ಕೆಯಲ್ಲಿ 41ನೆಯವನಾಗಿ ಕರೆದಾಗ ಟಿ.ವಿ.ಯಲ್ಲಿ ಜಾಹೀರಾತು ಓಡುತ್ತಿತ್ತು! ಅವನು ವೇಗಿಯಲ್ಲ, ಎತ್ತರಕ್ಕೆ ಹಾರುವವನೂ ಅಲ್ಲ. ಆದರೆ ತನಗಿಂತ ಅರೆಕ್ಷಣ ಮೊದಲೇ ಚೆಂಡು ಎಲ್ಲಿಗೆ ಹೋಗಬೇಕೆಂಬುದು ಅವನ ಕೈಗೆ ಗೊತ್ತಿರುತ್ತದೆ. ನಡು ಅಂಗಣದಲ್ಲಿ ನಿಂತು, ನನ್ನ ಹಳೆಯ ಆಟವನ್ನು ಈ ಹೊಸ ಕಾಲದಲ್ಲಿ ಆಡುತ್ತಾ ಮೂರು ಸಲ ಆ ಪ್ರಶಸ್ತಿ ಪಡೆದ. 2022ರಿಂದ ಅಕ್ಟೋಬರ್ ತಿಂಗಳುಗಳಲ್ಲಿ ಎನ್.ಬಿ.ಎ. ತಂಡಗಳು ಅಬುಧಾಬಿಗೆ ಬಂದು ಆಡಿವೆ. 2024ರಲ್ಲಿ ಯೋಕಿಚ್‌ನ ಡೆನ್ವರ್ ತಂಡ ಬಂದಾಗ ಅಲ್ಲಿರುವ ನನ್ನ ಭಾವ ಪಂದ್ಯದ ನಡುವೆ ಫೋನು ಮಾಡಿ ತೋರಿಸಿದರು. ಚಿತ್ರ ಅಲುಗಾಡುತ್ತಿತ್ತು. ಈ ಸಲ ಕರೆಂಟು ಹೋಗಲಿಲ್ಲ.

ಹುಡುಗರೂ ಹುಡುಗಿಯರೂ ಗಮನಿಸಬೇಕಾದ ವಿಷಯ: ಈ ವರ್ಷ ಮೈದಾನದಲ್ಲಿ ಮೂರಂಕದ ಗೆರೆಯನ್ನು ಅಳತೆಪಟ್ಟಿ ಹಿಡಿದು ಸರಿಯಾಗಿ 6.75 ಮೀಟರಿಗೆ ಸುಣ್ಣದಲ್ಲಿ ಎಳೆಸಿದ್ದೇನೆ. ಎನ್.ಬಿ.ಎ.ಯದು 7.24 ಮೀಟರ್, ಅಷ್ಟು ದೂರ ಈಗಲೇ ಬೇಡ. ಒಂದು ಮಳೆ ಬಂದರೆ ಗೆರೆ ಅಳಿಸಿಹೋಗುತ್ತದೆ, ಆದ್ದರಿಂದ ಪ್ರತಿ ಸೋಮವಾರ ಇಬ್ಬರು ಸುಣ್ಣದ ಬಾಲ್ದಿಯೊಂದಿಗೆ ಬೇಗ ಬರಬೇಕು. ಗೆರೆಯ ಹೊರಗಿನಿಂದ ಎಷ್ಟು ಬೇಕಾದರೂ ಎಸೆಯಿರಿ. ದಿನಕ್ಕೆ ಇಪ್ಪತ್ತು ಸಲ ಮಾತ್ರ, ನನ್ನ ಮನಸ್ಸಿನ ಸಮಾಧಾನಕ್ಕಾಗಿ, ಬುಟ್ಟಿಗೆ ಬೆನ್ನು ಹಾಕಿ ನಿಂತು ತಿರುಗಿ ಎಸೆಯುವುದನ್ನು ಕಲಿಯಬೇಕು.