ಸತ್ತ ಕೋಳಿಗೂ ಒಂದು ಗುಂಡಿ

ಹಿತ್ತಿಲಲ್ಲಿ ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆದುಬಿಡುವುದು ಹಲವರ ರೂಢಿ. ರಜೆಯಲ್ಲಿ ಊರಿಗೆ ಹೋಗುವ ನಾವೂ ಅದನ್ನು ಕಂಡಿದ್ದೇವೆ. ಇದು ನೆರೆಯವರಿಗೆ ಬಗೆಯುವ ಅನ್ಯಾಯವೆಂಬುದೇ ನನ್ನ ಅಭಿಪ್ರಾಯ. ಕೊಕ್ಕರೆ ರೋಗದಿಂದ ಸತ್ತ ಕೋಳಿಯನ್ನು ನಾಯಿ, ಕಾಗೆಗಳು ಎಳೆದಾಡಿದರೆ ಸೋಂಕು ಪಕ್ಕದ ಮನೆಯ ಗೂಡಿಗೂ ಮುಟ್ಟೀತು. ಆ ಮನೆಯಾಕೆಗೆ ಮೊಟ್ಟೆ ಮಾರಿದ ಕಾಸೇ ಮಕ್ಕಳ ಪುಸ್ತಕಕ್ಕೆ ಆಧಾರವಾಗಿರಬಹುದು.

ಇದು ಒಂದು ಹಿತ್ತಿಲಿನ ಮಾತು ಮಾತ್ರವಲ್ಲ. 2006ರಲ್ಲಿ ಭಾರತದ ಮೊದಲ ಹಕ್ಕಿಜ್ವರ ಪತ್ತೆಯಾದುದು ನಾವಿರುವ ಈ ಮಹಾರಾಷ್ಟ್ರದ ನವಾಪುರದಲ್ಲಿಯೇ. ಆಗ ಲಕ್ಷಾಂತರ ಕೋಳಿಗಳನ್ನು ಕೊಂದು ಹೂಳಬೇಕಾಯಿತು.

“ಒಂದು ಕೋಳಿಗಾಗಿ ಇಷ್ಟು ಶ್ರಮವೇ? ಅಡುಗೆಗಾದರೂ ಆಗಲಿ” ಎನ್ನುವವರುಂಟು. ಬಡವರ ನಷ್ಟ ನಿಜ. ಆದರೆ ರೋಗದ ಬೆಲೆ ಅದಕ್ಕಿಂತ ಹೆಚ್ಚು. ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಚೆಲ್ಲಿ, ನಾಯಿ ಕೆದಕದಂತೆ ಮಣ್ಣು ಮುಚ್ಚಿ, ಸಾಬೂನಿನಿಂದ ಕೈ ತೊಳೆದರಾಯಿತು. ಒಮ್ಮೆಲೇ ಹಲವು ಕೋಳಿಗಳು ಸತ್ತರೆ, ಅವನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಮಿತ್ರರೇ, ಊರಿಗೆ ಹೋದಾಗ ಹಿರಿಯರಿಗೆ ಉಪದೇಶ ಮಾಡುವುದು ಬೇಡ. ಗುದ್ದಲಿ ಹಿಡಿದು ಗುಂಡಿಯನ್ನು ನಾವೇ ತೋಡಿಕೊಡೋಣ.