ಗಾಳದ ಹಕ್ಕು, ನೀರಿನ ಹಕ್ಕು

ಫ್ಲಾರಿಡಾದ ಗಲ್ಫ್ ತೀರದಲ್ಲಿ ಗಾಳದ ಮೋಜನ್ನು ಅರಸಿ ಬರುವವರಿಗೆ ಒಂದೇ ದಿನದಲ್ಲಿ ಎರಡು ಕಡಲುಗಳನ್ನು ಮಾರಲಾಗುತ್ತದೆ. ಬೆಳಗಿನ ತಂಪಿನಲ್ಲಿ ಟ್ಯಾಂಪಾ ಕೊಲ್ಲಿಯ ಕಾಂಡ್ಲಾ ಬೇರುಗಳ ಅಂಚಿಗೆ ಸ್ನೂಕ್ ಮತ್ತು ರೆಡ್‌ಫಿಶ್‌ಗಳಿಗಾಗಿ ಗಾಳ. ಬಿಸಿಲೇರಿದ ಮೇಲೆ ಅದೇ ದೋಣಿಯಲ್ಲಿ ಹತ್ತಾರು ಮೈಲಿ ಹೊರಗೆ ಸಾಗಿ, ಆಳದ ಬಂಡೆಗಳ ಮೇಲೆ ಗ್ರೂಪರ್ ಬೇಟೆ. ದೋಣಿ, ಚಾಲಕ, ಸಲಕರಣೆ ಎಲ್ಲ ಸೇರಿ ದಿನದ ಬಾಡಿಗೆ ಸಾವಿರ ಡಾಲರು ದಾಟುವುದು ಸಾಮಾನ್ಯ. ಈ ಸಂತೋಷದಲ್ಲಿ ತಪ್ಪಿಲ್ಲ. ಕಡಲು ಎರಡು ಎಂಬ ಎಣಿಕೆಯಲ್ಲಿ ತಪ್ಪಿದೆ. ಆ ತಪ್ಪಿಗೊಂದು ರಾಜಕೀಯವೂ ಇದೆ.

ಗ್ಯಾಗ್ ಗ್ರೂಪರ್ ಎಂಬ ಮೀನು ಚಳಿಗಾಲದ ಕೊನೆಯಲ್ಲಿ ದೂರದ ಆಳದಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಗಳು ತೀರಕ್ಕೆ ಬಂದು, ಅಳಿವೆಗಳ ಕಡಲಹುಲ್ಲಿನಲ್ಲಿ ಬೇಸಿಗೆ ಕಳೆದು, ಶರತ್ಕಾಲದ ಹೊತ್ತಿಗೆ ಹೊರಗಿನ ಬಂಡೆಗಳತ್ತ ತೆರಳುತ್ತವೆ. ಗೋಲಿಯಾತ್ ಗ್ರೂಪರ್ ತನ್ನ ಮೊದಲ ಐದಾರು ವರ್ಷಗಳನ್ನು ಕಾಂಡ್ಲಾ ಬೇರುಗಳ ನಡುವೆಯೇ ಕಳೆಯುತ್ತದೆ. ಮಧ್ಯಾಹ್ನ ಆಳದಲ್ಲಿ ಗಾಳಕ್ಕೆ ಸಿಕ್ಕುವ ಮೀನು, ಬೆಳಿಗ್ಗೆ ದೋಣಿ ದಾಟಿಬಂದ ಹುಲ್ಲುಗಾವಲಿನಲ್ಲೇ ಬೆಳೆದ ಮಗು. ಆ ತೊಟ್ಟಿಲು ಕೆಟ್ಟರೆ ಹೊರಗಿನ ಬಂಡೆಯೂ ಬರಿದಾಗುತ್ತದೆ.

ಈ ತೊಟ್ಟಿಲನ್ನು ಕೆಡಿಸಿದವರು ಯಾರು ಎಂಬ ಪ್ರಶ್ನೆಗೆ 1994ರಲ್ಲಿ ಫ್ಲಾರಿಡಾದ ಮತದಾರರು ಒಂದು ಉತ್ತರ ಕೊಟ್ಟರು. ಗಾಳದ ಹವ್ಯಾಸಿಗಳ ಸಂಘಟನೆಗಳು ಮುಂದೆ ನಿಂತು ನಡೆಸಿದ ಪ್ರಚಾರದ ಫಲವಾಗಿ, ಕಿವಿರಿಗೆ ಸಿಕ್ಕಿಸುವ ಬಲೆಗಳನ್ನು ರಾಜ್ಯದ ಜಲಸೀಮೆಯಲ್ಲಿ ನಿಷೇಧಿಸುವ ಸಂವಿಧಾನ ತಿದ್ದುಪಡಿಗೆ ನೂರಕ್ಕೆ 72ರಷ್ಟು ಮತ ಬಿತ್ತು. 1995ರ ಜುಲೈ 1ರಿಂದ ಅದು ಜಾರಿಗೆ ಬಂತು. ಕೆಲವು ಮೀನುಗಳ ಸಂತತಿ ಕುಗ್ಗುತ್ತಿದ್ದುದು ನಿಜ. ಆದರೆ ದಂಡ ತೆತ್ತವರು ಕಾರ್ಟೆಜ್, ಸೀಡರ್ ಕೀಗಳಂಥ ಊರುಗಳಲ್ಲಿ ತಲೆಮಾರುಗಳಿಂದ ಮಲೆಟ್ ಮೀನು ಹಿಡಿದು ಬದುಕುತ್ತಿದ್ದ ಸಣ್ಣ ಬೆಸ್ತರು. ಸೀಡರ್ ಕೀಯವರಲ್ಲಿ ಹಲವರು ಸರ್ಕಾರದ ತರಬೇತಿ ಪಡೆದು ಚಿಪ್ಪುಮೀನಿನ ಕೃಷಿಗೆ ತಿರುಗಿಕೊಂಡರು. ಉಳಿದ ಊರುಗಳಲ್ಲಿ ಅನೇಕರು ದೋಣಿಯನ್ನೇ ಮಾರಿದರು.

ಬಲೆ ಹೋಗಿ ಮೂರು ದಶಕವಾಯಿತು. ಆದರೆ ನೀರಿಗೆ ವಿಷ ಬರುವುದು ನಿಂತಿಲ್ಲ, ಏಕೆಂದರೆ ಅದು ದೋಣಿಯಿಂದಲ್ಲ, ನೆಲದಿಂದ ಬರುತ್ತದೆ. 2021ರ ವಸಂತದಲ್ಲಿ ಪೈನಿ ಪಾಯಿಂಟ್‌ನ ಹಳೆಯ ರಸಗೊಬ್ಬರ ಕಾರ್ಖಾನೆಯ ಕೊಳದಿಂದ ಸುಮಾರು 21.5 ಕೋಟಿ ಗ್ಯಾಲನ್ ಕಲುಷಿತ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಲಾಯಿತು. ಅದೇ ವರ್ಷ ರಾಜ್ಯದಲ್ಲಿ 1,100ಕ್ಕೂ ಹೆಚ್ಚು ಕಡಲಹಸುಗಳು ಸತ್ತವು. ಅಟ್ಲಾಂಟಿಕ್ ಬದಿಯ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಕಡಲಹುಲ್ಲು ನಾಶವಾಗಿ, ಅವುಗಳಲ್ಲಿ ನೂರಾರು ಹಸಿವಿನಿಂದಲೇ ಸತ್ತವು. ಚರಂಡಿಯ ನೀರು, ಹುಲ್ಲುಹಾಸು ಮತ್ತು ಹೊಲಗಳಿಗೆ ಹಾಕಿದ ಗೊಬ್ಬರ ಹರಿದು ಬಂದು ಪಾಚಿ ಬೆಳೆದು, ಹುಲ್ಲಿಗೆ ಬಿಸಿಲು ಸಿಗದೆ ಹೋಗುತ್ತದೆ. ಇದು ಯಾವ ಬಲೆಯ ಪಾಪವೂ ಅಲ್ಲ.

ಗಾಳದವರ ಪಕ್ಷದಲ್ಲಿಯೂ ಹೇಳಬೇಕಾದುದಿದೆ. ಅವರ ಪರವಾನಗಿ ಶುಲ್ಕದಿಂದ, 1950ರ ಕಾಯಿದೆಯಂತೆ ಸಲಕರಣೆಗಳ ಮೇಲೆ ವಿಧಿಸುವ ತೆರಿಗೆಯಿಂದ ಮೀನಿನ ಸಂರಕ್ಷಣೆಗೆ ಹಣ ಒದಗುತ್ತಿದೆ. ಹಿಡಿದ ಮೀನನ್ನು ಮರಳಿ ಬಿಡುವ ಪದ್ಧತಿಯೂ ಬೆಳೆದಿದೆ. ಆದರೆ ಆಳದಿಂದ ಮೇಲೆಳೆದ ಮೀನಿನ ಗಾಳಿಚೀಲ ಉಬ್ಬಿ, ಹೊಟ್ಟೆ ಬಾಯಿಯಿಂದ ಹೊರಬಂದಿರುತ್ತದೆ. ಹಾಗೆಯೇ ಬಿಟ್ಟರೆ ಅದು ತೇಲುತ್ತ ಹಕ್ಕಿಗೋ ಶಾರ್ಕಿಗೋ ಆಹಾರವಾಗುತ್ತದೆ. ಅದನ್ನು ಮರಳಿ ಆಳಕ್ಕಿಳಿಸುವ ಸಾಧನವನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ಗಲ್ಫ್‌ಗೆ ಕಾನೂನು ಬಂದದ್ದು 2022ರಲ್ಲಷ್ಟೇ. ಬಲೆಯೊಂದೇ ಪಾಪಿ, ಗಾಳ ನಿರಪರಾಧಿ ಎಂಬ ಕಥೆ ಅಷ್ಟು ಸರಳವಲ್ಲ.

2024ರ ನವೆಂಬರಿನಲ್ಲಿ ಮೀನು ಹಿಡಿಯುವ ಮತ್ತು ಬೇಟೆಯಾಡುವ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಲು ನೂರಕ್ಕೆ 67ರಷ್ಟು ಮತದಾರರು ಒಪ್ಪಿದರು. ಶುದ್ಧ ನೀರಿನ ಹಕ್ಕನ್ನು ಕೇಳಿದ ಇನ್ನೊಂದು ತಿದ್ದುಪಡಿಗೆ ಸಾಕಷ್ಟು ಸಹಿ ದೊರೆಯದೆ ಅದು ಮತಪತ್ರವನ್ನೇ ತಲುಪಲಿಲ್ಲ. 2020ರಲ್ಲಿ ಆರೆಂಜ್ ಕೌಂಟಿಯ ಮತದಾರರು ಅಂಥ ಹಕ್ಕನ್ನು ನೂರಕ್ಕೆ 89ರಷ್ಟು ಮತದಿಂದ ಒಪ್ಪಿದ್ದರೂ, ಅದೇ ವರ್ಷದ ರಾಜ್ಯದ ಕಾನೂನೊಂದು ಅದನ್ನು ನಿಷ್ಫಲಗೊಳಿಸಿತು. ಹೀಗೆ ಗಾಳಕ್ಕೆ ಹಕ್ಕು ಸಿಕ್ಕಿದೆ, ಗಾಳ ಮುಳುಗುವ ನೀರಿಗೆ ಸಿಕ್ಕಿಲ್ಲ. ಬಡ ಬೆಸ್ತರ ಬಲೆಯನ್ನು ಸೋಲಿಸಿದ ಮತಬಲ ರಸಗೊಬ್ಬರ, ಸಕ್ಕರೆ ಮತ್ತು ನಿವೇಶನಗಳ ಬಂಡವಾಳದೆದುರು ಮೌನವಾಗಿದೆ.

ಅಘನಾಶಿನಿಯ ಕಥೆ ಬಲ್ಲ ಕನ್ನಡಿಗರಿಗೆ ಈ ಮಾತು ಹೊಸತಲ್ಲ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬೇಡವೆಂದವರು ಹೇಳಿದ್ದೂ ಇದನ್ನೇ: ಅಳಿವೆಯೇ ಕಡಲಿನ ತೊಟ್ಟಿಲು, ಅಲ್ಲಿ ಚಿಪ್ಪು ಹೆಕ್ಕುವ ಹೆಂಗಸಿನ ಬದುಕೂ ಹೊರಗಿನ ದೋಣಿಯ ಬದುಕೂ ಒಂದೇ ನೀರಿನವು. ತವರಿನ ಅಳಿವೆಗಾಗಿ ಮರುಗುವ ಮನಸ್ಸು, ತಾನು ತೆರಿಗೆ ಕಟ್ಟುವ ನಾಡಿನ ಅಳಿವೆಯನ್ನು ಕೇವಲ ವಿಹಾರತಾಣವಾಗಿ ಕಾಣುವುದು ವಿಪರ್ಯಾಸ. ಫ್ಲಾರಿಡಾದ ಪೌರತ್ವ ಪಡೆದ ಕನ್ನಡಿಗನ ಕೈಯಲ್ಲಿ ಗಾಳದ ಕೋಲಿನೊಂದಿಗೆ ಮತವೂ ಇದೆ, ಮನವಿಗೆ ಹಾಕಬಹುದಾದ ಸಹಿಯೂ ಇದೆ. ಒಂದೇ ದಿನದಲ್ಲಿ ಎರಡು ಕಡಲುಗಳ ಸುಖವನ್ನು ಕೊಂಡವನು, ಅವೆರಡನ್ನೂ ಹೊರುವ ಒಂದೇ ನೀರಿನ ಋಣವನ್ನು ಆ ಸಹಿಯಿಂದಲಾದರೂ ತೀರಿಸಲು ತೊಡಗಬೇಕು.